ಕಾಡುಗೋಡಿಯ ರಾತ್ರಿ ಪಾಠ

ರಾತ್ರಿ ಒಂಬತ್ತಾದರೂ ಕಾಡುಗೋಡಿ ಬಸ್ ನಿಲ್ದಾಣದ ಗದ್ದಲ ಇಳಿಯುವುದಿಲ್ಲ. ಮೆಜೆಸ್ಟಿಕ್ಕಿನಿಂದ ಬಂದ 335ಇ ಬಸ್ಸಿನಿಂದ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ. ಕೈಯಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ಟು, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಎಗ್‌ರೈಸ್ ಗಾಡಿಯ ಹೊಗೆ ದಾಟಿ, ಅಗೆದು ಬಿಟ್ಟ ರಸ್ತೆಯ ಅಂಚು ಹಿಡಿದು ಪೀಜಿಗಳ ಗಲ್ಲಿಗೆ ತಿರುಗುತ್ತಾರೆ.

ಅಲ್ಲೊಂದು ಲೇಡೀಸ್ ಪೀಜಿ. ಊಟದ ತಟ್ಟೆಗಳೆಲ್ಲ ಒಳಗೆ ಹೋದ ಮೇಲೆ ಮೂವರು ಹುಡುಗಿಯರು ಮೇಜು ಒರೆಸಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ವೈಫೈ ಚೆನ್ನಾಗಿ ಸಿಗುವುದು ಇಲ್ಲೇ. ಒಬ್ಬಳು ಹಗಲು ಬಿಪಿಒದಲ್ಲಿ ದುಡಿಯುವವಳು, ಒಬ್ಬಳು ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವಳು, ಇನ್ನೊಬ್ಬಳು ಹೊಳಲ್ಕೆರೆ ಕಡೆಯ ಬಿಸಿಎ ಪದವೀಧರೆ. ಮೂವರೂ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಉಚಿತ ಸೈಬರ್ ಭದ್ರತೆಯ ಪಾಠಕ್ಕೆ ಹೆಸರು ಕೊಟ್ಟಿದ್ದಾರೆ. ಇದೇ ಪಾಠವನ್ನು ನೈರೋಬಿಯ, ಲಾಗೋಸಿನ ಹುಡುಗಿಯೂ ಕಾಸಿಲ್ಲದೆ ಕಲಿಯಬಹುದು.

ನಾಲ್ಕು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನೊಳಗೆ ಭದ್ರತೆ ಪರೀಕ್ಷಿಸುವವರು ಬಳಸುವ ಕಾಲಿ ಲಿನಕ್ಸ್ ಏಳುವಷ್ಟರಲ್ಲಿ ಫ್ಯಾನು ಹುಯಿಲಿಡುತ್ತದೆ. ಆಮೇಲೆ ನೆಟ್‌ವರ್ಕಿನ ಸಂಚಾರ ತೋರಿಸುವ ವೈರ್‌ಶಾರ್ಕ್ ತೆರೆದು, ಅಭ್ಯಾಸಕ್ಕೆಂದೇ ಭದ್ರತೆಯಿಲ್ಲದೆ ಕಟ್ಟಿದ ಜಾಲತಾಣವೊಂದಕ್ಕೆ ಲಾಗಿನ್ ಆಗುತ್ತಾರೆ. ಪರದೆಯ ಮೇಲೆ ಬಣ್ಣಬಣ್ಣದ ಸಾಲುಗಳು ಹರಿಯತೊಡಗುತ್ತವೆ. ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ಪ್ಯಾಕೆಟ್ಟುಗಳವು. ಅವುಗಳಲ್ಲಿ ಒಂದನ್ನು ಒತ್ತಿದ್ದೇ ತಡ, ಹೊಳಲ್ಕೆರೆಯ ಹುಡುಗಿ ಕುರ್ಚಿ ಎಳೆದುಕೊಂಡು ಮುಂದೆ ಬಾಗುತ್ತಾಳೆ: “ಏ, ಪಾಸ್‌ವರ್ಡ್ ಹಂಗೇ ಕಾಣ್ತಿದೆಯಲ್ಲೇ!”

ಜಾಲತಾಣದ ವಿಳಾಸದಲ್ಲಿ ಎಚ್‌ಟಿಟಿಪಿಯ ಕೊನೆಗೊಂದು ‘ಎಸ್’ ಇಲ್ಲದಿದ್ದರೆ ದಾರಿಯಲ್ಲಿ ಕೂತವರು ನಮ್ಮ ಗುಟ್ಟನ್ನು ಓದಬಹುದು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ನಾಟದ ಸಂಗತಿ ಕಣ್ಣಾರೆ ಕಂಡಾಗ ನಾಟುತ್ತದೆ. ಹೊಡೆತ ಎಲ್ಲಿಂದ ಬೀಳುತ್ತದೆಂದು ತಿಳಿಯದವರಿಗೆ ತಡೆಯುವುದು ಬರುವುದಾದರೂ ಹೇಗೆ?

ಕಲಿಕೆಗೆ ಇಂಥ ಬಾಗಿಲುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎಂಜಿನಿಯರಿಂಗ್ ಓದಿದ ಹೆಣ್ಣುಮಕ್ಕಳಿಗೆಂದೇ 2018ರಲ್ಲಿ ಮೈಕ್ರೋಸಾಫ್ಟ್ ಮತ್ತು ಭಾರತೀಯ ಡೇಟಾ ಭದ್ರತಾ ಮಂಡಳಿ ‘ಸೈಬರ್ ಶಿಕ್ಷಾ’ ಶುರುಮಾಡಿದವು. ರಾಜ್ಯದ ಸೈಬರ್ ಭದ್ರತಾ ಕೇಂದ್ರ ‘ಸೈಸೆಕ್’ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿದೆ. 2024ರ ಆಗಸ್ಟ್ 1ರಂದು ರಾಜ್ಯದ ಸೈಬರ್ ಭದ್ರತಾ ನೀತಿ ಹೊರಬಂದಾಗ, ಸಿಸ್ಕೊ ಜೊತೆಗೂಡಿ 40,000 ಮಂದಿಗೆ ತರಬೇತಿ ಕೊಡುವುದಾಗಿ, ಅವರಲ್ಲಿ ಅರ್ಧದಷ್ಟು ಮಹಿಳೆಯರಿರುವುದಾಗಿ ಸರ್ಕಾರ ಹೇಳಿತು.

ಫೀಸು ಇಲ್ಲ, ನಿಜ. ಆದರೆ ದಿನವಿಡೀ ದುಡಿದು ಬಂದ ಮೇಲಿನ ಈ ಎರಡು ಗಂಟೆ, ಸಾಲದ ಕಂತಿನ ಲ್ಯಾಪ್‌ಟಾಪು, ‘ಇನ್ನೂ ಎಷ್ಟು ದಿನ ಓದ್ತೀಯಾ’ ಎನ್ನುವ ಮನೆಯವರು, ಕನ್ನಡ ಮಾಧ್ಯಮದಲ್ಲಿ ಓದಿದವಳನ್ನು ಪ್ರತಿ ಸಾಲಿಗೂ ತಡೆದು ನಿಲ್ಲಿಸುವ ಇಂಗ್ಲಿಷು: ಇವಕ್ಕೆಲ್ಲ ಬೆಲೆ ತೆರುತ್ತಿರುವವರು ಈ ಹುಡುಗಿಯರೇ. ಪಾಠವನ್ನು ಕನ್ನಡದಲ್ಲಿ ಕೊಟ್ಟು, ತಾಲ್ಲೂಕು ಕಾಲೇಜಿನ ಲ್ಯಾಬನ್ನು ಸಂಜೆಯೂ ತೆರೆದಿಟ್ಟರೆ ಇವರ ಅರ್ಧ ಭಾರ ಇಳಿಯುತ್ತದೆ. ಮಾಡಲಾಗದ ಕೆಲಸವೇನಲ್ಲ ಇದು.

ಅಷ್ಟರಲ್ಲಿ ಹೊಳಲ್ಕೆರೆಯ ಹುಡುಗಿಗೆ ಊರಿನಿಂದ ಫೋನು. ಸಿಬಿಐನವರೆಂದು ಹೇಳಿಕೊಂಡು ಯಾರೋ ಪಕ್ಕದ ಮನೆಯವರಿಗೆ ವಿಡಿಯೊ ಕಾಲ್ ಮಾಡಿ, ಅರೆಸ್ಟ್ ಮಾಡುತ್ತೇವೆಂದು ಹೆದರಿಸಿದ್ದರಂತೆ. ಹುಡುಗಿ ಎದ್ದು ಕಿಟಕಿಯ ಬಳಿ ಹೋಗುತ್ತಾಳೆ.

“ಅಮ್ಮಾ, ಕೇಳಿಲ್ಲಿ. ಯಾವ ಪೊಲೀಸ್ನೋರೂ ವಿಡಿಯೊ ಕಾಲಲ್ಲಿ ಅರೆಸ್ಟ್ ಮಾಡಲ್ಲ. ದುಡ್ಡು ಕಳಿಸಿದ್ರೆ ಈಗ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಹೇಳು, ತಡ ಮಾಡ್ದಷ್ಟೂ ಕಷ್ಟ. ಹಬ್ಬಕ್ಕೆ ಬರ್ತೀನಲ್ಲ, ಸ್ತ್ರೀಶಕ್ತಿ ಸಂಘದೋರ್ನೆಲ್ಲ ನಮ್ಮನೇಲೇ ಸೇರ್ಸು. ಮೊಬೈಲ್ ತರೋಕೆ ಹೇಳು, ಎಲ್ಲಾ ತೋರಿಸ್ತೀನಿ.”