ಹಿಮ್ಮಡಿಯ ಕೆಳಗಿನ ಲಾಕ್

ಆನೆಗೊಂದಿ, ಸಾಣಾಪುರದ ಬಂಡೆಗಳ ನಡುವೆ ರಜಾ ದಿನಗಳಲ್ಲಿ ಥಾರ್, ಗೂರ್ಖಾ ಜೀಪುಗಳು ಸಾಲುಗಟ್ಟುತ್ತವೆ. ಅವುಗಳ ಒಡೆಯರು ಹೆಮ್ಮೆಯಿಂದ ಹೇಳುವ ಸಂಗತಿಗಳಲ್ಲಿ ಡಿಫರೆನ್ಷಿಯಲ್ ಲಾಕ್ ಒಂದು. ಅಲ್ಲಿಂದ ಕೂಗಳತೆಯ ಭತ್ತದ ಗದ್ದೆಯಲ್ಲಿ ಕೆಸರು ಹೊಡೆಯುತ್ತಿರುವ ಟ್ರ್ಯಾಕ್ಟರಿನಲ್ಲೂ ಅದೇ ಲಾಕ್ ಇದೆ. ಅದಕ್ಕೆ ಜಾಹೀರಾತು ಇಲ್ಲ. ಚಾಲಕನ ಹಿಮ್ಮಡಿಯ ಕೆಳಗೆ, ಬಣ್ಣ ಹೋಗಿ ಕೆಸರು ಮೆತ್ತಿದ ಒಂದು ಚೋಟುದ್ದದ ಪೆಡಲ್ ಆಗಿ ಅದು ಕೂತಿರುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ರಸ್ತೆ ಬಿಟ್ಟು ಓಡುವ ಗಾಡಿ ಎಂದರೆ ಮೊದಲಿಗೆ ಟ್ರ್ಯಾಕ್ಟರೇ. ಜೀಪಿನವರು ಕಲಿಯಬೇಕಾದ ಪಾಠವೆಲ್ಲ ಅದರ ಹಿಂದಿನ ಎಕ್ಸೆಲ್‌ನಲ್ಲಿದೆ.

ಚಕ್ಕಡಿಗೆ ಡಿಫರೆನ್ಷಿಯಲ್ ಬೇಕಿರಲಿಲ್ಲ. ಅದರ ಅಚ್ಚು ನಿಂತಿರುತ್ತದೆ, ಎರಡು ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತವೆ, ಎಳೆಯುವುದು ಎತ್ತು. ಎಂಜಿನ್ ಬಂದು ಗಾಲಿಯನ್ನೇ ತಿರುಗಿಸಬೇಕಾದಾಗ ತೊಡಕು ಶುರುವಾಯಿತು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡು ಗಾಲಿಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಒಂದು ಪೂರ್ಣ ಸುತ್ತಿಗೆ ಆ ವ್ಯತ್ಯಾಸ ಸುಮಾರು 8.8 ಮೀಟರ್. ಸುತ್ತು ಚಿಕ್ಕದಿರಲಿ, ಹತ್ತು ಎಕರೆಯಷ್ಟು ದೊಡ್ಡದಿರಲಿ, ಲೆಕ್ಕ ಬದಲಾಗದು. ಎರಡೂ ಗಾಲಿಗಳನ್ನು ಒಂದೇ ಸರಳಿಗೆ ಬಿಗಿದುಬಿಟ್ಟರೆ ಈ 8.8 ಮೀಟರನ್ನು ಟೈರು ಉಜ್ಜಿಯೇ ತೀರಿಸಬೇಕು, ಇಲ್ಲವೇ ಎಕ್ಸೆಲ್ ಮುರಿಯಬೇಕು. 1827ರಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಗಡಿಯಾರ ತಯಾರಕ ಉಗಿಬಂಡಿಗಾಗಿ ಇದಕ್ಕೊಂದು ಉಪಾಯ ಹೂಡಿದ. ನಡುವೆ ಪುಟ್ಟ ಹಲ್ಲುಚಕ್ರಗಳನ್ನಿಟ್ಟು, ಒಂದು ಗಾಲಿ ನಿಧಾನವಾದಷ್ಟೂ ಇನ್ನೊಂದು ಚುರುಕಾಗುವಂತೆ ಮಾಡಿದ. ಅದೇ ಡಿಫರೆನ್ಷಿಯಲ್. ಇಂದಿಗೂ ಬಹುತೇಕ ಕಾರು, ಲಾರಿ, ಟ್ರ್ಯಾಕ್ಟರುಗಳ ಹೊಟ್ಟೆಯಲ್ಲಿರುವುದು ಅದರ ವಂಶವೇ.

ಡಿಫರೆನ್ಷಿಯಲ್‌ನ ನ್ಯಾಯಬುದ್ಧಿಯೇ ಅದರ ದೋಷ. ವೇಗವನ್ನು ಅದು ಹೆಚ್ಚುಕಡಿಮೆ ಮಾಡಿ ಹಂಚುತ್ತದೆ. ಬಲವನ್ನು ಮಾತ್ರ ಎರಡು ಗಾಲಿಗೂ ಸರಿಸಮ ಕೊಡುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರುತ್ತಿದೆ ಎನ್ನಿ. ಅದನ್ನು ತಿರುಗಿಸಲು ಹೆಚ್ಚು ಬಲ ಬೇಕಿಲ್ಲ. ಅಷ್ಟೇ ಸಣ್ಣ ಬಲ ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಸಿಗುತ್ತದೆ, ಅದಕ್ಕಿಂತ ಗುಂಜಿಯಷ್ಟೂ ಹೆಚ್ಚಿಲ್ಲ. ಐವತ್ತು ಅಶ್ವಶಕ್ತಿಯ ಎಂಜಿನ್ ಗುಡುಗುತ್ತಿದ್ದರೂ ಗಾಡಿ ಕದಲದಿರುವುದು ಇದಕ್ಕೇ. ಬಂಡೆಯ ಮೇಲೆ ಒಂದು ಗಾಲಿ ಗಾಳಿಗೆ ಎದ್ದರಂತೂ ಇನ್ನೊಂದಕ್ಕೆ ಸಿಗುವ ಬಲ ಹೆಚ್ಚುಕಡಿಮೆ ಸೊನ್ನೆ.

ಲಾಕ್ ಮಾಡುವುದಿಷ್ಟೇ: ಆ ಪುಟ್ಟ ಹಲ್ಲುಚಕ್ರಗಳ ಆಟವನ್ನು ನಿಲ್ಲಿಸಿ ಎರಡೂ ಅರ್ಧ ಎಕ್ಸೆಲ್‌ಗಳನ್ನು ಒಂದೇ ಸರಳಿನಂತೆ ಕೂಡಿಸುತ್ತದೆ. ಆಗ ಹಿಡಿತವಿರುವ ಗಾಲಿ ತನಗೆ ಬೇಕಾದಷ್ಟು ಬಲ ಎಳೆದುಕೊಳ್ಳುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತಿ, ಗಾಲಿ ತಿರುಗುವುದು ನಿಂತ ಮೇಲೆ, ಸ್ಟೇರಿಂಗ್ ನೇರ ಮಾಡಿ ಪೆಡಲ್ ತುಳಿಯಬೇಕು. ಗಿರಗಿರ ತಿರುಗುತ್ತಿರುವಾಗಲೇ ತುಳಿದರೆ ಹಲ್ಲು ಹಾರುತ್ತದೆ. ಗುಂಡಿ ದಾಟಿದ ಕೂಡಲೇ ಕಾಲು ತೆಗೆದರೆ ಸ್ಪ್ರಿಂಗ್ ತಾನೇ ಬಿಡಿಸುತ್ತದೆ. ಬಿಡಿಸದೆ ಸಿಕ್ಕಿಕೊಂಡರೆ ಸ್ಟೇರಿಂಗನ್ನು ತುಸು ಆಚೀಚೆ ಆಡಿಸಿದರೆ ಸಾಕು.

ಲಾಕ್ ಇಲ್ಲದೆಯೂ ನುರಿತ ಚಾಲಕ ಪಾರಾಗುವ ಒಂದು ದಾರಿ ಇದೆ. ಟ್ರ್ಯಾಕ್ಟರಿಗೆ ಎಡ, ಬಲ ಎಂದು ಬೇರೆ ಬೇರೆ ಬ್ರೇಕ್ ಇರುತ್ತದೆ. ಜಾರುವ ಗಾಲಿಯ ಬ್ರೇಕನ್ನಷ್ಟೇ ಮೆಲ್ಲಗೆ ಒತ್ತಿದರೆ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ, ಡಿಫರೆನ್ಷಿಯಲ್ ತನ್ನ ಸಮಪಾಲಿನ ನಿಯಮದಂತೆ ಅಷ್ಟೇ ಬಲವನ್ನು ಮತ್ತೊಂದಕ್ಕೂ ಕೊಡುತ್ತದೆ. 2020ರ ಹೊಸ ಥಾರ್‌ನಲ್ಲಿ ಬಂದ ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್ ಮಾಡುವುದೂ ಇದನ್ನೇ; ಅಲ್ಲಿ ಕಾಲಿನ ಬದಲು ಸೆನ್ಸರ್ ಇದೆ, ಕಂಪ್ಯೂಟರ್ ಇದೆ. ಗಂಗಾವತಿಯ ಚಾಲಕನಿಗೆ ಈ ತಂತ್ರಜ್ಞಾನ ಹೊಸದೆಂದು ಹೇಳಿದರೆ ಆತ ನಕ್ಕಾನು.

ಹಾಗೆಂದು ಗದ್ದೆಯಲ್ಲಿ ಲಾಕ್ ಸರ್ವರೋಗಕ್ಕೂ ಮದ್ದಲ್ಲ. ತುಂಗಭದ್ರಾ ಜಲಾಶಯ 1953ರಲ್ಲಿ ತಯಾರಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ವರ್ಷ ವರ್ಷ ಕೆಸರು ಹೊಡೆದು ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರವೊಂದು ಕೂತಿರುತ್ತದೆ. ನೀರು ಇಂಗದಂತೆ ತಡೆಯುವುದೂ ಅದೇ, ಟ್ರ್ಯಾಕ್ಟರನ್ನು ಹೊರುವುದೂ ಅದೇ. ಆ ಪದರ ಒಡೆದ ಕಡೆ ಒಂದು ಗಾಲಿ ಇಳಿದರೆ ಲಾಕ್ ಎತ್ತಿಬಿಡುತ್ತದೆ. ಎರಡೂ ಗಾಲಿ ಇಳಿದವೋ, ಲಾಕ್ ಹಾಕಿದರೆ ಎರಡೂ ಸೇರಿ ಇನ್ನಷ್ಟು ಆಳಕ್ಕೆ ತೋಡುತ್ತವೆ, ಅಷ್ಟೇ. ಇಲ್ಲದ ಹಿಡಿತವನ್ನು ಲಾಕ್ ಹುಟ್ಟಿಸಲಾರದು. ಆ ಕೆಲಸ ಟೈರಿನದು, ಗದ್ದೆಯಲ್ಲಾದರೆ ಕಬ್ಬಿಣದ ಕೇಜ್ ವೀಲ್‌ನದು.

ಇಲ್ಲೊಂದು ಜೀವಾಪಾಯದ ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೂತ ಗಾಲಿಗಳು ತಿರುಗಲಾರದೆ ಕಚ್ಚಿಕೊಂಡಾಗ ಎಂಜಿನ್ ಬಲ ಎಲ್ಲಿಗಾದರೂ ಹೋಗಲೇಬೇಕು. ಗಾಲಿ ತಿರುಗದಿದ್ದರೆ ಎಕ್ಸೆಲ್ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು ಕಣ್ಣು ಮಿಟುಕಿಸುವುದರೊಳಗೆ ಚಾಲಕನ ಮೇಲೆ ಮಗುಚುತ್ತದೆ. ಗಾಲಿಗೆ ಮರದ ತುಂಡು ಕಟ್ಟಿ ಹತ್ತಿಸುವ ಸಾಹಸದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಾಗೆ ಹೂತಾಗ ರಿವರ್ಸ್ ಗಿಯರಿನಲ್ಲಿ ಮೆಲ್ಲಗೆ ಹಿಂದೆ ತೆಗೆಯಬೇಕು, ಇಲ್ಲವೇ ಇನ್ನೊಂದು ಟ್ರ್ಯಾಕ್ಟರ್ ಕರೆಯಬೇಕು.

ಕುಷ್ಟಗಿ, ಯಲಬುರ್ಗಾ ಕಡೆಗೆ ಬಂದರೆ ಕಥೆಯೇ ಬೇರೆ. ಮಳೆಯಾಶ್ರಿತ ಎರೆ ಹೊಲ, ಮಸಾರಿ ಹೊಲ. ಜೋಳ, ಕಡಲೆ, ಸಜ್ಜೆ, ತೊಗರಿ. ಇಲ್ಲಿ ಲಾಕ್ ಬೇಕಾಗುವುದು ಪಲ್ಟಿ ನೇಗಿಲು ಹೊಡೆಯುವಾಗ. ಬಲಗಾಲಿ ಹಿಂದಿನ ಸಾಲಿನೊಳಗೆ ಇಳಿದಿರುತ್ತದೆ, ಎಡಗಾಲಿ ಮೇಲೆ ಉಳಿದಿರುತ್ತದೆ. ಗಾಡಿ ವಾಲಿದ್ದರಿಂದ ಭಾರ ಬಲಕ್ಕೆ ಸರಿದು, ಮೇಲಿನ ಗಾಲಿ ಹಗುರಾಗಿ ಜಾರುತ್ತದೆ. ನೇರ ಸಾಲಿನುದ್ದಕ್ಕೂ ಲಾಕ್ ತುಳಿದು ಹಿಡಿದರೂ ನಡೆಯುತ್ತದೆ. ಬದುವಿನ ಹತ್ತಿರ ಹೊರಳಿಸುವ ಮುಂಚೆ ಬಿಡಲೇಬೇಕು. ಮರೆತು ಹೊರಳಿಸಿದವನಿಗೆ ಆ 8.8 ಮೀಟರಿನ ಲೆಕ್ಕ ಸದ್ದಿನ ರೂಪದಲ್ಲಿ ಕೇಳಿಸುತ್ತದೆ.

ಲಾಕ್ ಹಿಡಿತದ ಮಾತಾಯಿತು. ಎಕ್ಸೆಲ್ ಅನುಪಾತ ಬಲದ ಮಾತು. ಇವೆರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಟ್ರ್ಯಾಕ್ಟರಿನ ಲೆಕ್ಕವನ್ನೇ ನೋಡಿ. 13.6-28 ಅಳತೆಯ ಹಿಂದಿನ ಟೈರು ಒಂದು ಸುತ್ತಿಗೆ ಸುಮಾರು 4 ಮೀಟರ್ ಸಾಗುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಾ ಗಾಡಿ ಗಂಟೆಗೆ ಎರಡೂವರೆ ಕಿ.ಮೀ. ಹೋಗುತ್ತಿದ್ದರೆ ಗಾಲಿ ತಿರುಗುವುದು ನಿಮಿಷಕ್ಕೆ ಹತ್ತು ಸುತ್ತು ಮಾತ್ರ. ಅಂದರೆ ಎಂಜಿನ್ ಸುಮಾರು 200 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು, 200ಕ್ಕೆ 1. ಹಳೆಯ ಸಿಜೆ-3ಬಿ ಜೀಪಿನಲ್ಲಿ ಲೋ ರೇಂಜ್, ಮೊದಲ ಗಿಯರ್, ಎಕ್ಸೆಲ್ ಎಲ್ಲ ಸೇರಿದರೂ ಸುಮಾರು 37ಕ್ಕೆ 1 ಅಷ್ಟೇ. ಟ್ರ್ಯಾಕ್ಟರಿಗೆ ಈ ಬಲ ಗಿಯರ್‌ಬಾಕ್ಸ್ ಒಂದರಿಂದಲೇ ಬಂದದ್ದಲ್ಲ. ಎಕ್ಸೆಲ್‌ಗೆ ಬಲ ಒಪ್ಪಿಸುವ ಕ್ರೌನ್–ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿಯನ್ನು ದಾಟಿದ ಮೇಲೆ ಗಾಲಿಯ ಹತ್ತಿರ ಇನ್ನೊಂದು ಸಲ ವೇಗ ಇಳಿಸಿ ಬಲ ಏರಿಸುವ ಹಲ್ಲುಚಕ್ರಗಳಿರುತ್ತವೆ.

ಜೀಪಿನ ಎಕ್ಸೆಲ್‌ನಲ್ಲಿ ಇರುವುದು ಕ್ರೌನ್–ಪಿನಿಯನ್ ಒಂದೇ. ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 43 ಹಲ್ಲು ಇದ್ದರೆ ಅನುಪಾತ 5.38. ಸಂಖ್ಯೆ ದೊಡ್ಡದಾದಷ್ಟೂ ಬಲ ಹೆಚ್ಚು, ಓಟ ಕಡಿಮೆ. ಹೊಸಪೇಟೆಯಿಂದ ಕುಷ್ಟಗಿಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, 28 ಇಂಚಿನ ಟೈರಿನ ಮೇಲೆ, ಟಾಪ್ ಗಿಯರಿನಲ್ಲಿ 80ರ ವೇಗ ಹಿಡಿದರೆ 5.38ರ ಜೀಪಿನ ಎಂಜಿನ್ 3200 ಸುತ್ತು ದಾಟಿ ಅರಚುತ್ತದೆ, 4.27 ಇದ್ದರೆ 2600ರ ಆಸುಪಾಸಿನಲ್ಲಿ ಸಮಾಧಾನವಾಗಿರುತ್ತದೆ. ಊರಿಂದ ಊರಿಗೆ ಓಡಾಡುವವರಿಗೆ 4.27 ಹಿತ. ಬಂಡೆ ಹತ್ತುವವರಿಗೆ 5.38.

ದೊಡ್ಡ ಟೈರಿನ ಹುಚ್ಚು ಈ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುತ್ತದೆ. 28 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದರೆ 5.38ರ ಎಕ್ಸೆಲ್ 4.86ರಂತೆ ವರ್ತಿಸುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಅನುಪಾತ 4.88 ಆಗಿತ್ತು; ಅಂದರೆ ಟೈರಂಗಡಿಯಲ್ಲಿ ಹಣ ಕೊಟ್ಟು ಗಿಯರನ್ನು ಯುದ್ಧಕಾಲಕ್ಕೆ ಹಿಂದಿರುಗಿಸಿಕೊಂಡ ಹಾಗೆ. ಸ್ಪೀಡೋಮೀಟರ್ ಕೂಡ ಅಸಲು ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ.

ಅನುಪಾತ ಬದಲಿಸುವುದು ಬೋಲ್ಟ್ ಬಿಚ್ಚಿ ಕಟ್ಟುವ ಕೆಲಸವಲ್ಲ. ಕ್ರೌನ್, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದನ್ನು ಅಲ್ಲಿಂದ, ಇನ್ನೊಂದನ್ನು ಇಲ್ಲಿಂದ ತಂದು ಕೂಡಿಸಿದರೆ ತಿಂಗಳೊಳಗೆ ಊಳಿಡುತ್ತವೆ. ಒಳ್ಳೆಯ ಮೇಸ್ತ್ರಿ ಹಲ್ಲಿಗೆ ನೀಲಿ ಬಳಿದು ತಿರುಗಿಸಿ, ಹಲ್ಲಿನ ಯಾವ ಭಾಗದಲ್ಲಿ ಬಣ್ಣ ಅಳಿಸಿದೆ ಎಂದು ನೋಡಿ, ಕೂದಲೆಳೆಯಷ್ಟು ತೆಳುವಾದ ತಗಡಿನ ಶಿಮ್ ಸೇರಿಸಿ ತೆಗೆದು, ಮತ್ತೆ ಬಳಿಯುತ್ತಾನೆ. ಅವಸರದವರ ಕೈಗೆ ಈ ಕೆಲಸ ಕೊಡಬಾರದು. ನಾಲ್ಕೂ ಗಾಲಿಗೆ ಬಲವಿರುವ ಗಾಡಿಯಾದರೆ ಹಿಂದೆ ಬದಲಿಸಿದ್ದನ್ನು ಮುಂದೆಯೂ ಬದಲಿಸಬೇಕು, ಖರ್ಚು ಇಮ್ಮಡಿ. ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಕೊಂಡವರು ಎಡವುವುದೂ ಇಲ್ಲೇ. ಅದರಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ನೂರಕ್ಕೆ ಒಂದರಿಂದ ಐದು ಪಾಲು ಮುಂಚೂಣಿಯಲ್ಲಿ ಓಡುವಂತೆ ಗಿಯರ್ ಕೂರಿಸಿರುತ್ತಾರೆ. ಹಿಂದಿನ ಟೈರು ಮಾತ್ರ ಬೇರೆ ಅಳತೆಗೆ ಬದಲಿಸಿದರೆ ಮುಂದಿನದೂ ಹಿಂದಿನದೂ ಒಂದರೊಡನೊಂದು ಜಗ್ಗಾಡಿ ಟೈರು ತಿನ್ನುತ್ತವೆ, ಗಿಯರೂ ತಿನ್ನುತ್ತವೆ.

ಜೀಪಿಗೆ ಲಾಕ್ ಹಾಕಿಸುವವರಿಗೆ ಆಯ್ಕೆಗಳಿವೆ. 2015ರಿಂದ ಥಾರ್‌ನಲ್ಲಿ ಬರತೊಡಗಿದ ಈಟನ್ ಲಾಕ್, ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ನೂರು ಸುತ್ತಿನಷ್ಟು ಅಂತರ ಬಂದಾಗ ತಾನೇ ಕಚ್ಚಿಕೊಳ್ಳುತ್ತದೆ. ಅನುಕೂಲವೇನೋ ಸರಿ, ಆದರೆ ಅದು ಎಚ್ಚರಗೊಳ್ಳುವ ಮೊದಲು ಗಾಲಿ ಜಾರಲೇಬೇಕು, ಅಷ್ಟರಲ್ಲಿ ಎರೆ ಮಣ್ಣಿನಲ್ಲಿ ಗುಂಡಿ ಬಿದ್ದಿರುತ್ತದೆ. ಗೂರ್ಖಾದ ಮುಂದೆ, ಹಿಂದೆ ಎರಡೂ ಕಡೆ ಲಾಕ್ ಇದೆ, ಜಾರುವ ಮೊದಲೇ ಚಾಲಕ ತಾನಾಗಿ ಹಾಕಬಹುದು. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಏರ್ ಲಾಕರ್ ಗಾಳಿಯೊತ್ತಡದಿಂದ ಕೆಲಸ ಮಾಡುತ್ತದೆ, ದುಬಾರಿ. ಅಗ್ಗದ ದಾರಿಯೆಂದು ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡಿಸುವವರೂ ಇದ್ದಾರೆ. ಡಾಂಬರು ರಸ್ತೆಯಲ್ಲಿ ಓಡಿಸುವ ಗಾಡಿಗೆ ಅದು ಶುದ್ಧ ಅವಿವೇಕ. ನನ್ನನ್ನು ಕೇಳಿದರೆ, ಟೈರು ದೊಡ್ಡದು ಮಾಡಿದವರು ಮೊದಲು ಅನುಪಾತ ಸರಿಪಡಿಸಿಕೊಳ್ಳಲಿ, ಆಮೇಲೆ ಹಿಂದಿನ ಎಕ್ಸೆಲ್‌ಗೆ ಲಾಕ್. ಮುಂದಿನದಕ್ಕೆ ಲಾಕ್ ಬಿದ್ದರೆ ಸ್ಟೇರಿಂಗ್ ಮಾತು ಕೇಳದು, ಬಂಡೆ ಹತ್ತುವ ಕ್ಷಣಕ್ಕಷ್ಟೇ ಅದು. ಲಾಕ್ ಹಾಕಿದಾಗ ಇಡೀ ಬಲ ಒಂದೇ ಅರ್ಧ ಎಕ್ಸೆಲ್ ಮೇಲೆ ಬೀಳಬಹುದು. ಸವೆದ ಹಳೆಯ ಎಕ್ಸೆಲ್ ಇಟ್ಟುಕೊಂಡು ಹೊಸ ಲಾಕ್ ಹಾಕಿಸಿದರೆ ಮುರಿಯುವುದು ಮೊದಲು ಅದೇ.

ಟ್ರ್ಯಾಕ್ಟರಾಗಲಿ ಜೀಪಾಗಲಿ, ನೀರು ನಿಂತ ಗದ್ದೆಯಲ್ಲೋ ಹಳ್ಳದಲ್ಲೋ ಇಳಿದು ಬಂದ ಮೇಲೆ ಹಿಂದಿನ ಹೌಸಿಂಗ್‌ನ ಪ್ಲಗ್ ಬಿಚ್ಚಿ ಆಯಿಲ್ ನೋಡಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಸೋರಿ ನೀರು ಸೇರಿದೆ ಎಂದರ್ಥ. ಆಯಿಲ್ ಒಂದನ್ನೇ ಬದಲಿಸಿದರೆ ಸಾಲದು, ಸೀಲೂ ಹೊಸದಾಗಬೇಕು.