ಹದಿಮೂರು ಹುಣಸೆ ಬೀಜ ಮತ್ತು ಜನಗಣತಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲೂ ಮನೆಮನೆಗೆ ಹೋಗಿ ಗಣತಿ ಮಾಡುವವರಲ್ಲಿ ಮೇಷ್ಟ್ರುಗಳೇ ಹೆಚ್ಚು. ಆದರೆ ಗಣಿತದ ‘ದತ್ತಾಂಶಗಳ ನಿರ್ವಹಣೆ’ ಪಾಠ ಬಂದಾಗ ಅದೇ ಗಣತಿಯನ್ನು ತರಗತಿಗೆ ತರಲು ಹಿಂಜರಿಯುತ್ತೇವೆ.

ತಪ್ಪು ಕಲ್ಪನೆ: ಲಕ್ಷಗಟ್ಟಲೆ ಸಂಖ್ಯೆ ಚಿಕ್ಕ ಮಕ್ಕಳ ತಲೆಗೆ ಹತ್ತುವುದಿಲ್ಲ.

ಸತ್ಯ: 2011ರ ಗಣತಿಯಲ್ಲಿ ತುಮಕೂರು ಜಿಲ್ಲೆಯ ಗಂಡಸರು 13,50,594, ಹೆಂಗಸರು 13,28,386. ತುಂಬಿದ ಲಕ್ಷಕ್ಕೊಂದು ಹುಣಸೆ ಬೀಜದಂತೆ ಜೋಡಿಸಲು ಹೇಳಿ. ಎರಡು ಸಾಲಿನಲ್ಲೂ ಹದಿಮೂರೇ ಬೀಜ! “ಹಂಗಾದ್ರೆ ಇಬ್ರೂ ಒಂದೇನಾ ಸಾ?” ಎಂದು ಯಾರಾದರೂ ಕೇಳಿದರೆ ಪಾಠ ಅರ್ಧ ಮುಗಿದಂತೆ. ಬೀಜಕ್ಕೆ ಹತ್ತು ಸಾವಿರ ಅಂದುಕೊಂಡರೆ ಒಂದು ಸಾಲಿಗೆ ಸುಮಾರು 135, ಇನ್ನೊಂದಕ್ಕೆ ಸುಮಾರು 133 ಬೇಕು. ಕಾಣೆಯಾಗಿದ್ದ 22,208 ಜನ ಆಗ ಎರಡು ಬೀಜವಾಗಿ ಕಣ್ಣಿಗೆ ಬೀಳುತ್ತಾರೆ.

ತಪ್ಪು ಕಲ್ಪನೆ: ನಕ್ಷೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಸತ್ಯ: ಅದೇ ಸಂಖ್ಯೆಗಳಿಗೆ ಸ್ತಂಭಾಲೇಖ ಬರೆಸಿ, ಆದರೆ ಸೊನ್ನೆಯ ಬದಲು 13 ಲಕ್ಷದಿಂದ ಶುರುಮಾಡಿಸಿ, ಸೆಂಟಿಮೀಟರಿಗೆ ಹತ್ತು ಸಾವಿರ. ಗಂಡಸರ ಕಂಬ ಐದು ಸೆಂಟಿಮೀಟರ್ ಏರಿದರೆ ಹೆಂಗಸರದ್ದು ಮೂರಕ್ಕೂ ಮುಟ್ಟುವುದಿಲ್ಲ. ಜಿಲ್ಲೆಯಲ್ಲಿ ಹೆಂಗಸರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುಬಿಟ್ಟರು! ನಿಜವಾದ ಲೆಕ್ಕ ಸಾವಿರ ಗಂಡಸರಿಗೆ 984 ಹೆಂಗಸರು. ಟಿ.ವಿ.ಯಲ್ಲಿ ಚುನಾವಣೆ ನಕ್ಷೆ ನೋಡುವ ದೊಡ್ಡವರಿಗೂ ಈ ಪಾಠ ಬೇಕು ಅನ್ನಿಸುತ್ತದೆ.

ತಪ್ಪು ಕಲ್ಪನೆ: ಸಾಕ್ಷರತೆ ಶೇ. 75.14 ಅಂದರೆ ನೂರು ಜನರಲ್ಲಿ 75 ಮಂದಿಗೆ ಓದು ಬರುತ್ತದೆ.

ಸತ್ಯ: ಏಳು ವರ್ಷ ತುಂಬಿದವರಲ್ಲಿ ಮಾತ್ರ. ಆರು ವರ್ಷದ ಹುಡುಗಿ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿದರೂ ಗಣತಿಯ ಪ್ರಕಾರ ಅವಳು ಅನಕ್ಷರಸ್ಥೆ. ಒಂದನೇ ತರಗತಿಯವರಿಗೆ ಇದನ್ನು ಹೇಳಿ ನೋಡಿ, ಜಗಳಕ್ಕೇ ಬರುತ್ತಾರೆ. ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂದು ಕೇಳುವ ಅಭ್ಯಾಸ ಹುಟ್ಟುವುದು ಇಂಥ ಜಗಳದಲ್ಲೇ.

ತಪ್ಪು ಕಲ್ಪನೆ: ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಗಣತಿಯಲ್ಲೂ ಆ ಊರಿನವರೇ.

ಸತ್ಯ: ಅಲ್ಲ. ಪಾವಗಡದ ಕಡೆಯ ಹಳ್ಳಿಯಲ್ಲಿ ವೋಟು ಇಟ್ಟುಕೊಂಡು ಬೆಂಗಳೂರಿನಲ್ಲಿ ನೆಲೆಸಿದ ಸಂಸಾರವನ್ನು ಎಣಿಸುವುದು ಬೆಂಗಳೂರಿನಲ್ಲಿ.

ತಪ್ಪು ಕಲ್ಪನೆ: ಜನಸಂಖ್ಯೆ ಏರುತ್ತಲೇ ಹೋಗುತ್ತದೆ.

ಸತ್ಯ: ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರ. ಇದಕ್ಕೂ ಸ್ತಂಭಾಲೇಖ ಬರೆಸಿ; 1881ರ ಕಂಬ ಯಾಕೆ ಗಿಡ್ಡ ಎಂದು ಮಕ್ಕಳು ಕೇಳಿದರೆ ಗಣಿತದ ಪುಸ್ತಕ ಮುಚ್ಚಿ ಬರದ ಕತೆ ಹೇಳಿ.

ಮುಂದಿನ ಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ. ಎಣಿಸಲು ಹೋಗುವ ಮೇಷ್ಟ್ರುಗಳೇ, ಮೇಡಂಗಳೇ, ಪ್ರಕಟವಾದ ಸಂಖ್ಯೆಗಳನ್ನು ಧಾರಾಳವಾಗಿ ತರಗತಿಗೆ ತನ್ನಿ. ಮನೆಯವರು ಕೊಟ್ಟ ವಿವರವನ್ನು ಮಾತ್ರ ಮಕ್ಕಳಿಗೆ ತೋರಿಸಬೇಡಿ; 1948ರ ಜನಗಣತಿ ಕಾಯ್ದೆಯ ಪ್ರಕಾರ ಅದು ಗುಟ್ಟು.