ಸಂಬಳ ಕೇಳದ ಡ್ರಮ್ಮರ್

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1980ರಲ್ಲಿ ಹುಟ್ಟಿದ ‘ದ ಸಿಸ್ಟರ್ಸ್ ಆಫ್ ಮರ್ಸಿ’ ಬ್ಯಾಂಡಿಗೆ ಗಿಟಾರ್ ನುಡಿಸುವವರು ಎಷ್ಟೋ ಮಂದಿ ಬಂದರು, ಹೋದರು. ಮುನಿಸಿಕೊಂಡು ಹೊರಬಿದ್ದು ಬೇರೆ ಬ್ಯಾಂಡು ಕಟ್ಟಿದವರೂ ಇದ್ದಾರೆ. ಗಾಯಕ ಆಂಡ್ರ್ಯೂ ಎಲ್ಡ್ರಿಚ್ ಜೊತೆ ಇಂದಿಗೂ ಉಳಿದಿರುವ ಹಳಬ ಒಬ್ಬನೇ, ಡ್ರಮ್ಮರ್ ‘ಡಾಕ್ಟರ್ ಅವಲಾಂಚ್’. ಸಂಬಳ ಕೇಳುವುದಿಲ್ಲ, ತಾಲೀಮಿಗೆ ತಡವಾಗಿ ಬರುವುದಿಲ್ಲ. ಏಕೆಂದರೆ ಅದೊಂದು ಡ್ರಮ್ ಮಷೀನ್.

ಬ್ಯಾಂಡಿನ ಮೊದಲ ಸಿಂಗಲ್‌ನಲ್ಲಿ ಡ್ರಮ್ಸ್ ಬಾರಿಸಿದ್ದು ಸ್ವತಃ ಎಲ್ಡ್ರಿಚ್. ಆಮೇಲೆ ಆತ ಕೋಲು ಕೆಳಗಿಟ್ಟು ಮೈಕ್ ಹಿಡಿದ, ಆ ಜಾಗಕ್ಕೆ ಪೆಟ್ಟಿಗೆ ಬಂತು. ಮುಂದೆ ಪೆಟ್ಟಿಗೆಗಳು ಬದಲಾದವು, ಕಂಪ್ಯೂಟರೂ ಬಂತು, ಹೆಸರು ಮಾತ್ರ ಅದೇ ಉಳಿಯಿತು. ಅದನ್ನು ನೋಡಿಕೊಳ್ಳುವವನಿಗೆ ‘ಡಾಕ್ಟರನ ನರ್ಸ್’ ಎಂಬ ಹುದ್ದೆಯೂ ಸೃಷ್ಟಿಯಾಯಿತು. ಅಮೆರಿಕದ ‘ಬಿಗ್ ಬ್ಲ್ಯಾಕ್’ ಬ್ಯಾಂಡಿನ ಸ್ಟೀವ್ ಆಲ್ಬಿನಿ ತಮ್ಮ ಟಿಆರ್-606 ಡ್ರಮ್ ಮಷೀನಿಗೆ ಅದನ್ನು ತಯಾರಿಸಿದ ಕಂಪನಿಯ ಹೆಸರನ್ನೇ ಇಟ್ಟು, ಆಲ್ಬಮ್ಮಿನ ಮೇಲೆ ‘ಡ್ರಮ್ಸ್: ರೋಲಂಡ್’ ಎಂದೇ ಹಾಕಿಸಿದರು.

ಇದು ಬರೀ ತಮಾಷೆಯಲ್ಲ. ಇಬ್ಬರೂ ಯಂತ್ರಕ್ಕೆ ಮನುಷ್ಯನ ವೇಷ ಹಾಕಿಸಿ ಬಚ್ಚಿಡಲಿಲ್ಲ. ಕೈ ಸೋಲದ, ದಯೆಯಿಲ್ಲದ ಆ ಕುಟ್ಟುವಿಕೆಯೇ ಅವರಿಗೆ ಬೇಕಿತ್ತು. ಗಿಟಾರು ಅದರ ಮೇಲೆ ಕಿರುಚಾಡಿತು.

ಅದೇ ರೋಲಂಡ್ ಕಂಪನಿಯ ಇನ್ನೊಂದು ಡ್ರಮ್ ಮಷೀನ್ ಟಿಆರ್-808 ಬಂದದ್ದೂ 1980ರಲ್ಲೇ. ಮುಂಭಾಗದಲ್ಲಿ ಸಾಲಾಗಿ 16 ಗುಂಡಿಗಳು: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒಂದು ಸಾಲು ಅಂದರೆ ತಾಳದ ಒಂದು ಸುತ್ತು. ಎಲ್ಲಿ ಪೆಟ್ಟು ಬೇಕೋ ಆ ಗುಂಡಿ ಒತ್ತಿದರಾಯಿತು, ಬೆಳಕು ಓಡುತ್ತಾ ಅಲ್ಲಿಗೆ ಬಂದಾಗ ಸದ್ದು ಹೊರಡುತ್ತದೆ. ಸದ್ದಿಗೂ ನಿಜವಾದ ಡ್ರಮ್ಮಿಗೂ ಸಂಬಂಧವಿಲ್ಲ, ಎಲ್ಲವೂ ಸರ್ಕ್ಯೂಟಿನ ಸೃಷ್ಟಿ. ಅದೇ ಹೊತ್ತಿಗೆ ಅಮೆರಿಕದ ರೋಜರ್ ಲಿನ್ ನಿಜವಾದ ಡ್ರಮ್ಮಿನ ಸದ್ದನ್ನೇ ರೆಕಾರ್ಡ್ ಮಾಡಿ ಎಲ್‌ಎಂ-1 ಮಷೀನಿನಲ್ಲಿ ತುಂಬಿದ್ದರು. ಬೆಲೆ ಸುಮಾರು 5,000 ಡಾಲರ್. 808ರದ್ದು ಅದರ ಕಾಲು ಭಾಗ. ಅಸಲಿಯಂತೆ ಕೇಳದ 808 ಮೊದಲಿಗೆ ಸೋತಿತು, 1983ಕ್ಕೆ ತಯಾರಿಕೆಯೂ ನಿಂತಿತು. ಆಮೇಲೆ ಹಿಪ್‌ಹಾಪ್ ಹುಡುಗರು ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಕೊಂಡರು. ಅದರ ಎದೆ ನಡುಗಿಸುವ ಬೇಸ್ ಇಂದಿಗೂ ಹಾಡುಗಳಲ್ಲಿ ಮೊಳಗುತ್ತಿದೆ. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲೇ ಇದೇ ಪೆಟ್ಟಿಗೆ ಇಟ್ಟುಕೊಂಡು ಹತ್ತು ರಾಗಗಳ ಆಲ್ಬಮ್ ಮಾಡಿದ್ದರು. ಆಗ ಕೇಳಿದವರು ಕಡಿಮೆ, ಮೆಚ್ಚುಗೆ ಬಂದದ್ದು 2010ರ ಮರುಬಿಡುಗಡೆಯ ನಂತರ.

ಹಾಗಾದರೆ ಡ್ರಮ್ಮರ್ ಬೇಡವೇ? ನಮ್ಮ ಕಛೇರಿಯನ್ನೇ ನೋಡಿ. ವೇದಿಕೆಯ ಮೇಲೆ ಎಲೆಕ್ಟ್ರಾನಿಕ್ ತಂಬೂರಿ ಕೂತರೆ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನ ರಾಡೆಲ್ ಕಂಪನಿ ತಂಬೂರಿಯ ಜೊತೆಗೆ ತಬಲಾ ಪೆಟ್ಟಿಗೆಯನ್ನೂ ಮಾಡಿತು, ಆದರೆ ತಾಳದ ಪೆಟ್ಟಿಗೆ ಸಾಧನೆಯ ಕೋಣೆಯಲ್ಲೇ ಉಳಿಯಿತು. ಗಾಯಕಿ ಒಂದು ಸಂಗತಿಯನ್ನು ಇನ್ನಷ್ಟು ಎಳೆದಾಗ ಮೃದಂಗದವರು ಕೈ ಹಗುರ ಮಾಡುತ್ತಾರೆ, ಕಣ್ಣಲ್ಲೇ ‘ಹ್ಞೂಂ, ಮುಂದುವರಿಸಿ’ ಎನ್ನುತ್ತಾರೆ. ಪೆಟ್ಟಿಗೆಗೆ ಕಿವಿಯೇ ಇಲ್ಲ. ನಮ್ಮ ಆರ್ಕೆಸ್ಟ್ರಾಗಳಲ್ಲಿ ರಿದಮ್ ಪ್ಯಾಡ್ ಬಂದರೂ ಅದರ ಹಿಂದೆ ಕೋಲು ಹಿಡಿದ ಕಲಾವಿದನೊಬ್ಬ ಇದ್ದೇ ಇರುತ್ತಾನೆ.

ಯಂತ್ರವನ್ನೂ ಕೈಯನ್ನೂ ಒಟ್ಟಿಗೆ ಬಳಸಿದವರೂ ಇದ್ದಾರೆ. ಇಂಗ್ಲೆಂಡಿನ ಗಾಯಕ ಫಿಲ್ ಕಾಲಿನ್ಸ್ ಸ್ವತಃ ಡ್ರಮ್ಮರ್. 1981ರ ‘ಇನ್ ದಿ ಏರ್ ಟುನೈಟ್’ ಹಾಡನ್ನು ಅವರು ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಮಷೀನಿನ ಮೇಲೆಯೇ ನಡೆಸಿ, ಆಮೇಲೆ ತಮ್ಮ ಕೈಯ ಪೆಟ್ಟು ಬೀಳಿಸಿದರು. ಎರಡರ ಗುಣವೂ ಗೊತ್ತಿದ್ದವರ ಕೆಲಸ ಅದು.

ವ್ಯಾನಿನಲ್ಲಿ ಜಾಗವಿಲ್ಲ, ಅಕ್ಕಪಕ್ಕದ ಮನೆಯವರ ಗಲಾಟೆ ಎಂದು ಲ್ಯಾಪ್‌ಟಾಪಿನಲ್ಲಿ ನಕಲಿ ಡ್ರಮ್ಮರ್ ಕೂರಿಸುವ ನಮ್ಮ ಹುಡುಗರು ಒಮ್ಮೆ ಯೋಚಿಸಲಿ. ಯಂತ್ರದ ಸದ್ದು ಬೇಕೆನಿಸಿದರೆ ಯಂತ್ರದಂತೆಯೇ ಬಳಸಿ. ಮನುಷ್ಯನ ಪೆಟ್ಟು ಬೇಕಿದ್ದರೆ ಒಂದು ಬೇಸ್ ಡ್ರಮ್, ಒಂದು ಸ್ನೇರ್ ಕೊಟ್ಟು ಒಬ್ಬ ಹುಡುಗನನ್ನೇ ಕೂರಿಸಿಕೊಳ್ಳಿ.